ಬಂಡೆಗೆ ವಸಂತ ಬರುವ ಬಗೆ

ಹುಣಸೂರಿನಲ್ಲಾಗಲಿ ಕೆ.ಆರ್. ನಗರದಲ್ಲಾಗಲಿ ಹಳೆಯ ಗ್ರಂಧಿಗೆ ಅಂಗಡಿಯ ಮುಂದೆ ನಿಂತು ಕಟುಕರೋಹಿಣಿ, ಜಟಾಮಾಂಸಿ ಬೇಕು ಎಂದರೆ ಅಂಗಡಿಯವರು ಡಬ್ಬದಿಂದ ತೆಗೆದು ಪೊಟ್ಟಣ ಕಟ್ಟಿ ಕೊಡುತ್ತಾರೆ. ಒಂದು ಕಷಾಯಕ್ಕೆ, ಇನ್ನೊಂದು ತಲೆಗೆ ಹಚ್ಚುವ ಎಣ್ಣೆಗೆ. ನಮ್ಮ ಅಜ್ಜಿಯಂದಿರಿಗೆ ಇವು ಎಷ್ಟು ಬಳಕೆಯ ಹೆಸರುಗಳೆಂದರೆ, ಇವು ಈ ನೆಲದವಲ್ಲ ಎಂಬುದೇ ಮರೆತುಹೋಗಿದೆ. ಎರಡೂ ಹಿಮಾಲಯದಲ್ಲಿ 3,000 ಮೀಟರ್‌ಗಿಂತ ಮೇಲೆ, ಮರಗಳು ಬೆಳೆಯುವುದನ್ನು ನಿಲ್ಲಿಸುವ ಎತ್ತರದ ಆಸುಪಾಸಿನಲ್ಲಿ, ಕಲ್ಲುಸಂದಿಗಳಿಗೆ ಅಂಟಿಕೊಂಡು ಹರಡುವ ಗಿಡಗಳು. ವರ್ಷದ ಬಹುಭಾಗ ಹಿಮದಡಿ ಮಲಗಿದ್ದು, ಹಿಮ ಕರಗಿದ ಮೇಲೆ ಸಿಗುವ ಕೆಲವೇ ತಿಂಗಳಲ್ಲಿ ಎಲೆ, ಹೂ, ಬೀಜ ಎಲ್ಲವನ್ನೂ ಮುಗಿಸಿಕೊಳ್ಳುತ್ತವೆ. ಸಸ್ಯವಿಜ್ಞಾನಿಗಳು ಇಂಥವನ್ನು ಆಲ್ಪೈನ್ ಗಿಡಗಳು ಎನ್ನುತ್ತಾರೆ. ಬೇರು ಕೀಳುವವರ ಕಾಟದಿಂದ ಇವೆರಡೂ ಎಷ್ಟು ಬಡವಾದವೆಂದರೆ, 1997ರಲ್ಲಿ ಇವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಬೇಕಾಯಿತು.

ಆ ಎತ್ತರದ ನೆಲದಿಂದ ಈ ಸೀಮೆಗೆ ಬಂದು ನೆಲೆಸಿದ ಜನರೂ ಇದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ, ಹುಣಸೂರು ಬಳಿಯ ಗುರುಪುರದಲ್ಲಿ 1970ರ ದಶಕದಿಂದ ಟಿಬೆಟಿನವರ ವಸತಿಗಳಿವೆ. ಅವರು ಇಲ್ಲಿನ ಜೋಳ, ರಾಗಿ, ಬಿಸಿಲು, ಮಳೆ ಎಲ್ಲಕ್ಕೂ ಒಗ್ಗಿಕೊಂಡರು. ಆದರೆ ಅವರ ವೈದ್ಯಪದ್ಧತಿಗೆ ಬೇಕಾದ ಎತ್ತರದ ಗಿಡಗಳು ಇಲ್ಲಿಗೆ ಒಗ್ಗಲಿಲ್ಲ. ಆ ಮದ್ದಿನ ಬೇರು, ಹೂ ಇವತ್ತಿಗೂ ಹಿಮಾಲಯದಿಂದಲೇ ಇಳಿದು ಬರಬೇಕು.

ಮನುಷ್ಯರಿಗೆ ಸಾಧ್ಯವಾದದ್ದು ಗಿಡಕ್ಕೆ ಏಕೆ ಆಗದು? ಆಲ್ಪೈನ್ ಎಂದರೆ ಬರೀ ಎತ್ತರವಲ್ಲ. ಜಗತ್ತಿನ ಯಾವ ಪರ್ವತದಲ್ಲೇ ನೋಡಿದರೂ, ಗಿಡಗಳು ಬೆಳೆಯುವ ತಿಂಗಳುಗಳ ಸರಾಸರಿ ತಾಪಮಾನ ಸುಮಾರು 6 ಡಿಗ್ರಿಗಿಂತ ಕೆಳಗಿಳಿಯುವ ಕಡೆ ಮರಗಳು ನಿಲ್ಲುತ್ತವೆ; ಆಲ್ಪೈನ್ ಜೀವನ ಶುರುವಾಗುವುದು ಅಲ್ಲಿಂದ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಲ್ಲೂ ಆ ಚಳಿ ಇಲ್ಲ. ಮೈಸೂರಿನಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪಮಾನವೇ 16 ಡಿಗ್ರಿಯ ಆಸುಪಾಸು. ಹಿಮದ ನಾಡಿನ ಗಿಡಕ್ಕೆ ನಮ್ಮ ಹಗಲಿಗಿಂತ ನಮ್ಮ ರಾತ್ರಿಯೇ ಹೆಚ್ಚು ಕಷ್ಟ. ಗಿಡ ಹಗಲಲ್ಲಿ ಸಕ್ಕರೆ ತಯಾರಿಸುತ್ತದೆ, ಹಗಲೂ ರಾತ್ರಿಯೂ ಉಸಿರಾಡುತ್ತ ಅದನ್ನು ಖರ್ಚು ಮಾಡುತ್ತದೆ. ರಾತ್ರಿ ತಣ್ಣಗಿದ್ದರೆ ಖರ್ಚು ಕಡಿಮೆ; ಬೆಚ್ಚಗಿದ್ದರೆ ದುಡಿದದ್ದೆಲ್ಲ ಬೆಳಗಾಗುವುದರೊಳಗೆ ಕರಗುತ್ತದೆ. ಅದರ ಜೊತೆಗೆ ಬೆಚ್ಚನೆಯ ಹಸಿ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ. ಸಾಲದ್ದಕ್ಕೆ ಇವುಗಳಲ್ಲಿ ಅನೇಕ ಗಿಡಗಳಿಗೆ ವಾರಗಟ್ಟಲೆ ಕಡುಚಳಿ ತಗಲದಿದ್ದರೆ ಮೊಗ್ಗು ಎಚ್ಚರಗೊಳ್ಳುವುದೇ ಇಲ್ಲ.

ಚಳಿಯ ದೇಶಗಳ ತೋಟಗಾರರು ಮಾತ್ರ ಈ ಗಿಡಗಳನ್ನು ಬೆಟ್ಟದಿಂದ ಮನೆಯಂಗಳಕ್ಕೆ ಇಳಿಸಿದರು. ಲಂಡನ್ನಿನ ಚೆಲ್ಸಿ ಔಷಧಿ ತೋಟದಲ್ಲಿ 1773ರಲ್ಲೇ ಕಲ್ಲುತೋಟವೊಂದನ್ನು ಕಟ್ಟಿದ್ದರು. ಅದಕ್ಕೆ ಲಂಡನ್ ಗೋಪುರದ ಹಳೆಯ ಕಲ್ಲುಗಳ ಜೊತೆ ಜೋಸೆಫ್ ಬ್ಯಾಂಕ್ಸ್ ಐಸ್‌ಲೆಂಡಿನಿಂದ ತಂದ ಲಾವಾ ಕಲ್ಲುಗಳನ್ನೂ ಬಳಸಿದ್ದರು. ರೆಜಿನಾಲ್ಡ್ ಫ್ಯಾರರ್ 1907ರಲ್ಲಿ ಬರೆದ ‘ಮೈ ರಾಕ್ ಗಾರ್ಡನ್’ ಪುಸ್ತಕ ಇಂಗ್ಲೆಂಡಿನಲ್ಲಿ ಕಲ್ಲುತೋಟದ ಹುಚ್ಚನ್ನೇ ಹಬ್ಬಿಸಿತು. ಹೊಸ ಗಿಡ ಹುಡುಕುತ್ತಲೇ ಅವನು 1920ರಲ್ಲಿ ಬರ್ಮಾದ ಮೇಲ್ಸೀಮೆಯಲ್ಲಿ ತೀರಿಕೊಂಡ. ಅಂದಿನಿಂದ ಇಂದಿನವರೆಗೆ ಕಲ್ಲುತೋಟದವರು ಬಿಡದೆ ಹೇಳುವ ಮಾತೊಂದಿದೆ: ನೀರು ನಿಲ್ಲಬಾರದು. ಕಲ್ಲನ್ನು ಜೋಡಿಸುವುದು ಚೆಂದಕ್ಕಲ್ಲ; ಗಿಡದ ಕೊರಳಿನ ಸುತ್ತ ಒಣಗಿರಲಿ, ಆಳದ ಬೇರಿಗೆ ಮಾತ್ರ ತೇವ ಸಿಗಲಿ ಎಂದು.

ಈ ಮಾತು ಕೇಳಿದಾಗ ನನಗೆ ನೆನಪಾಗುವುದು ನಮ್ಮದೇ ಹಾಸುಬಂಡೆಗಳು. ಹಿಮ ನಮಗಿಲ್ಲ, ನಿಜ. ಕಲ್ಲು ಇದೆ, ಅದೂ ಎಂಥ ಕಲ್ಲು! ಹಿಂದೆ ಎಚ್.ಡಿ. ಕೋಟೆ ತಾಲ್ಲೂಕಿನೊಳಗಿದ್ದು ಈಗ ತಾನೇ ತಾಲ್ಲೂಕಾಗಿರುವ ಸರಗೂರಿನ ಹೆಸರು ಜಗತ್ತಿನ ಭೂವಿಜ್ಞಾನಿಗಳಿಗೆಲ್ಲ ಗೊತ್ತು. ‘ಸರಗೂರು ಗುಂಪು’ ಎಂದು ಅವರು ಕರೆಯುವ ಶಿಲೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಇಡೀ ಪ್ರಾಂತ್ಯದ ಅಡಿಪಾಯವಾಗಿರುವ ಪೆನಿನ್ಸುಲರ್ ನೈಸ್ ಎಂಬ ಪಟ್ಟೆಪಟ್ಟೆ ಕಲ್ಲಿಗೂ ಅಷ್ಟೇ ದೊಡ್ಡ ವಯಸ್ಸು. ಭಾರತ ಭೂಖಂಡ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳತೊಡಗಿದ್ದು ಕೇವಲ 5 ಕೋಟಿ ವರ್ಷದ ಹಿಂದೆ. ನಮ್ಮ ಈ ಹಳೆಯ ಕಲ್ಲಿನ ಮೇಲಿನ ಮೆದು ಪದರ ಮಳೆಗಾಳಿಗೆ ಸವೆದು ಕೊಚ್ಚಿಹೋದಂತೆ, ಬಿರುಕು ಕಡಿಮೆಯಿರುವ ಗಟ್ಟಿ ಭಾಗ ಬೋಳುಗುಡ್ಡವಾಗಿ ಉಳಿದುಕೊಂಡಿತು. 1900ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬೊರ್ನ್‌ಹಾರ್ಟ್ ಪೂರ್ವ ಆಫ್ರಿಕದ ಇಂಥ ಗುಡ್ಡಗಳನ್ನು ನೋಡಿ ‘ಇನ್ಸೆಲ್‌ಬರ್ಗ್’ ಎಂದು ಹೆಸರಿಟ್ಟ. ದ್ವೀಪದಂಥ ಬೆಟ್ಟ ಎಂದು ಅರ್ಥ. ಹೊಲಗದ್ದೆಗಳ ನಡುವೆ ಒಂಟಿಯಾಗಿ ಎದ್ದಿರುವ ಬಂಡೆಗುಡ್ಡಗಳ ಮೇಲಿನ ಗಿಡಗಳಿಗೆ ಸುತ್ತಲಿನ ನೆಲ ಸಮುದ್ರದಷ್ಟೇ ಅನ್ಯ.

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಎತ್ತರದ ಬೆಟ್ಟ ಎಂದರೆ ಬೆಟ್ಟದಪುರದ್ದು. ಸಿಡಿಲು ಮಲ್ಲಿಕಾರ್ಜುನನ ಗುಡಿ ಇರುವ ಅದರ ತುದಿ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಮೇಲಿದೆ. ಬುಡದ ಊರಿಗಿಂತ ತುದಿಯಲ್ಲಿ ಗಾಳಿ ಎರಡು ಮೂರು ಡಿಗ್ರಿ ತಂಪು, ಅಷ್ಟೇ. ಆದರೆ ಬಂಡೆಯ ಮೈ ಬೇರೆ ಲೆಕ್ಕ. ಉಷ್ಣವಲಯದ ಬೋಳುಬಂಡೆಗಳ ಮೈ ಬೇಸಿಗೆಯ ಮಧ್ಯಾಹ್ನ 60 ಡಿಗ್ರಿಯವರೆಗೂ ಕಾಯುತ್ತದೆ. ಸುರಿದ ಮಳೆ ನಿಲ್ಲದೆ ಜಾರಿಹೋಗುತ್ತದೆ. ಮಣ್ಣು ಎಂಬುದು ಬಿರುಕಿನಲ್ಲಿ ಗೇಣುದ್ದ, ದೊಣೆಯ ಅಂಚಿನಲ್ಲಿ ಬೆರಳುದ್ದ. ಒಂದು ಒಳ್ಳೆಯ ಮಳೆ ಬಿದ್ದ ಮೂರು ನಾಲ್ಕು ದಿನಕ್ಕೆ ಆ ಬೆರಳುದ್ದದ ಮಣ್ಣು ಮತ್ತೆ ಧೂಳು. ಹೊಲದ ಬದುವಿನಲ್ಲಿ ಹಸಿರು ನಳನಳಿಸುವಾಗ ನೂರು ಮಾರು ಆಚೆಯ ಬಂಡೆಯ ಮೇಲೆ ಬರಗಾಲ ಇರುತ್ತದೆ.

ಆಲ್ಪ್ಸ್ ಪರ್ವತದ ಗಿಡಕ್ಕೂ ಬೆಟ್ಟದಪುರದ ಬಂಡೆಯ ಗಿಡಕ್ಕೂ ಇರುವ ನಂಟು ಇಲ್ಲಿದೆ. ಅಲ್ಲಿ ವರ್ಷದ ಎಂಟು ತಿಂಗಳು ನೀರಿದ್ದರೂ ಹೆಪ್ಪುಗಟ್ಟಿ ಕೈಗೆ ಸಿಗದು. ಇಲ್ಲಿ ನೀರೇ ಇಲ್ಲ. ಎರಡು ಕಡೆಯೂ ಬದುಕಿಗೆ ದಕ್ಕುವ ಕಾಲ ಚಿಕ್ಕದು. ಡೆನ್ಮಾರ್ಕಿನ ಸಸ್ಯವಿಜ್ಞಾನಿ ಕ್ರಿಸ್ಟೆನ್ ರೌಂಕಿಯೇರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಿಡಗಳನ್ನು ಒಂದು ಸರಳ ಪ್ರಶ್ನೆಯಿಂದ ವಿಂಗಡಿಸಿದ: ಕೆಟ್ಟ ಕಾಲದಲ್ಲಿ ಈ ಗಿಡ ತನ್ನ ಮೊಗ್ಗನ್ನು ಎಲ್ಲಿ ಬಚ್ಚಿಡುತ್ತದೆ? ಗಾಳಿಯಲ್ಲೋ, ನೆಲದ ಮೈಯಲ್ಲೋ, ನೆಲದೊಳಗೋ, ಇಲ್ಲ ಬೀಜದಲ್ಲೋ? ಈ ಪ್ರಶ್ನೆಯನ್ನು ಹಿಡಿದುಕೊಂಡು ಫೆಬ್ರವರಿಯಲ್ಲಿ ನಮ್ಮ ಯಾವುದಾದರೂ ಕಲ್ಲುಗುಡ್ಡ ಹತ್ತಿದರೆ, ಸತ್ತಂತೆ ಕಾಣುವ ಬಂಡೆ ನಿಜಕ್ಕೂ ಮೊಗ್ಗುಗಳ ಉಗ್ರಾಣ ಎಂಬುದು ತಿಳಿಯುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಅರಿಶಿನ ಬೂರುಗ. ಕಾಡಿನ ಬೂರುಗಕ್ಕೂ ಇದಕ್ಕೂ ಹೆಸರಲ್ಲಿ ಮಾತ್ರ ಸಂಬಂಧ, ಕುಟುಂಬ ಬೇರೆ. ದಕ್ಷಿಣದ ಒಣ ಕಲ್ಲುಗುಡ್ಡಗಳಲ್ಲಿ, ಬಂಡೆಯ ಬಿರುಕಿಗೆ ಬೇರಿಳಿಸಿ ನಿಲ್ಲುವ ಸೊಟ್ಟಸೊಟ್ಟ ಚಿಕ್ಕ ಮರ. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿ ಬೂದು ಬಣ್ಣದ ಕೊಂಬೆಗಳಷ್ಟೇ ಉಳಿದಿರುತ್ತವೆ. ಮಾಘ ಮುಗಿಯುತ್ತಿದ್ದಂತೆ, ಒಂದು ಹನಿ ಮಳೆಯೂ ಬಿದ್ದಿರದ ಹೊತ್ತಿಗೆ, ಆ ಬರಿಗೊಂಬೆಗಳ ತುದಿಯಲ್ಲಿ ಅಂಗೈಯಗಲದ ಹಳದಿ ಹೂ ಬಿಡತೊಡಗುತ್ತದೆ. ಐದು ಎಸಳು, ನಡುವೆ ಕೇಸರಗಳ ದಟ್ಟ ಗುಂಪು. ಸುತ್ತ ಎಲ್ಲವೂ ಕಂದಿರುವಾಗ ಈ ಹಳದಿ ಮೈಲಿಯಾಚೆಗೂ ಕಾಣುತ್ತದೆ.

ನೀರಿಲ್ಲದ ಕಾಲದಲ್ಲಿ ಇಷ್ಟು ದೊಡ್ಡ ಹೂವಿಗೆ ನೀರೆಲ್ಲಿಂದ? ಮರದೊಳಗಿಂದಲೇ. ಇದರ ಕಟ್ಟಿಗೆ ಮೆದು, ಹಗುರ, ಸ್ಪಂಜಿನಂಥದು. ಮಳೆಗಾಲದಲ್ಲಿ ಹೀರಿದ ನೀರನ್ನು ಕಾಂಡವೇ ಹಿಡಿದಿಟ್ಟುಕೊಳ್ಳುತ್ತದೆ. ಎಲೆ ಉದುರಿಸಿದರೆ ನೀರು ಆವಿಯಾಗುವ ದಾರಿ ಮುಚ್ಚುತ್ತದೆ, ಉಳಿದ ಸಂಗ್ರಹ ಹೂವಿಗೆ ಮೀಸಲು. ರಾಲ್ಫ್ ಬೋರ್ಚರ್ಟ್ ಎಂಬ ವಿಜ್ಞಾನಿ ಕೋಸ್ಟರಿಕಾದ ಒಣಕಾಡಿನಲ್ಲಿ ಅನೇಕ ಜಾತಿಯ ಮರಗಳನ್ನು ಅಳೆದು 1994ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು: ಒಣ ತಿಂಗಳಲ್ಲಿ ಯಾವ ಮರ ಯಾವಾಗ ಹೂ ಬಿಡುತ್ತದೆ ಎಂಬುದನ್ನು ತೀರ್ಮಾನಿಸುವುದು ಮಣ್ಣಿನಲ್ಲಿ ಮತ್ತು ಕಾಂಡದಲ್ಲಿ ಕೂಡಿಟ್ಟ ನೀರು. ನಮ್ಮ ಅರಿಶಿನ ಬೂರುಗದ ಅಮೆರಿಕದ ತಂಗಿಯೂ ಆ ಕಾಡಿನಲ್ಲಿದೆ, ಅದೂ ಬೇಸಿಗೆಯಲ್ಲಿ ಬರಿಗೊಂಬೆಯಲ್ಲೇ ಹಳದಿ ಹೂ ಬಿಡುತ್ತದೆ. ಮುಂದೆ 2001ರಲ್ಲಿ ಬೋರ್ಚರ್ಟ್ ಮತ್ತು ರಿವೆರಾ ಇನ್ನೊಂದು ಸಂಗತಿ ಹೇಳಿದರು. ಕಾಂಡದಲ್ಲಿ ನೀರು ತುಂಬಿಕೊಳ್ಳುವ ಇಂಥ ಮರಗಳು ಮಲಗುವ, ಏಳುವ ಕಾಲವನ್ನು ಹಗಲಿನ ಉದ್ದ ನೋಡಿ ಗುರುತಿಸುತ್ತವೆ. ಮೈಸೂರು ಸೀಮೆಯಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೂ ಅಂತರವಿಲ್ಲ. ಇಷ್ಟು ಸಣ್ಣ ವ್ಯತ್ಯಾಸವನ್ನು ಒಂದು ಮೊಗ್ಗು ತಿಂಗಳುಗಟ್ಟಲೆ ಅಳೆಯುತ್ತ ಕೂತಿರುತ್ತದೆ ಎಂಬುದು ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ.

ಆ ಹೂವಿನಲ್ಲಿ ಮಕರಂದ ಇಲ್ಲ. ಸಿಗುವುದು ಪರಾಗ ಮಾತ್ರ, ಅದೂ ಸುಲಭಕ್ಕಲ್ಲ. ಪರಾಗಕೋಶ ಉದ್ದಕ್ಕೆ ಸೀಳಿಕೊಳ್ಳದೆ ತುದಿಯ ಕಿರುರಂಧ್ರದಿಂದ ಮಾತ್ರ ತೆರೆಯುತ್ತದೆ. ಕರೀ ಬಡಗಿದುಂಬಿಯಂಥ ದೊಡ್ಡ ಜೇನು ಬಂದು, ಕೇಸರವನ್ನು ಅಪ್ಪಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಜೋರಾಗಿ ಕಂಪಿಸಿದಾಗ ಪರಾಗ ಉದುರುತ್ತದೆ. ಬದನೆ, ಟೊಮೆಟೊ ಹೂಗಳದ್ದೂ ಇದೇ ಏರ್ಪಾಡು. ಹೂ ಮುಗಿದು ಕಾಯಿ ಬಲಿತು ಒಡೆದಾಗ ರೇಷ್ಮೆಯಂಥ ಅರಳೆ ಹಾರುತ್ತದೆ. ಗಾಳಿ ಜೋರಾಗಿರುವ, ಇನ್ನೇನು ಮುಂಗಾರು ಬರಲಿರುವ ಹೊತ್ತಿಗೆ ಬೀಜ ಬಂಡೆಯಿಂದ ಬಂಡೆಗೆ ತೇಲುವಂತೆ ಲೆಕ್ಕ ಕೂಡಿಬರುತ್ತದೆ. ಎಲೆ ಬರುವುದು ಇಷ್ಟೆಲ್ಲ ಆದ ಮೇಲೆ.

ಇದೇ ತಿಂಗಳುಗಳಲ್ಲಿ ಎಚ್.ಡಿ. ಕೋಟೆಯ ಕಬಿನಿ ಹಿನ್ನೀರಿನ ಸುತ್ತಲೂ ನಾಗರಹೊಳೆಯ ಅಂಚಿನಲ್ಲೂ ಮುತ್ತುಗ, ಬೂರುಗ ಕೆಂಪಾಗುತ್ತವೆ, ಆಮೇಲೆ ಕಕ್ಕೆ ಹಳದಿಯಾಗುತ್ತದೆ. ಅವು ಎಲ್ಲರೂ ನೋಡಿ ಮೆಚ್ಚುವ ವಸಂತ. ಅವುಗಳ ಬೇರಿಗೆ ಆಳದ ಮಣ್ಣಿದೆ. ಕೆ.ಆರ್. ನಗರದ ಕಡೆ ಕಾಲುವೆ, ಗದ್ದೆಗಳೇ ಹೆಚ್ಚು. ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವ ಬಂಡೆಗಳದ್ದು ಇನ್ನೊಂದೇ ಲೋಕ, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೈಯೊಣಗಿಸಿಕೊಳ್ಳುವಂಥದು. ಅದಕ್ಕೆ ಬೇರೆಯೇ ಲೇಖನ ಬೇಕು.

ಅರಿಶಿನ ಬೂರುಗ ಮೊಗ್ಗನ್ನು ಗಾಳಿಯಲ್ಲಿಟ್ಟು ನೀರನ್ನು ಕಾಂಡದಲ್ಲಿಟ್ಟರೆ, ಕಾಡು ಈರುಳ್ಳಿ ಎರಡನ್ನೂ ನೆಲದೊಳಗಿಡುತ್ತದೆ. ಒಣ ಗುಡ್ಡದ ಕಲ್ಲುಸಂದಿಗಳಲ್ಲಿ, ಮರಳು ಮಿಶ್ರಿತ ತೆಳು ಮಣ್ಣಿನಲ್ಲಿ ಹೂತಿರುವ ಇದರ ಗೆಡ್ಡೆ ನಮ್ಮ ಅಡುಗೆಮನೆಯ ಈರುಳ್ಳಿಯನ್ನೇ ಹೋಲುತ್ತದೆ. ತಿನ್ನಬಾರದು, ಹೃದಯದ ಮಿಡಿತವನ್ನೇ ಕೆಡಿಸುವ ವಿಷ ಅದರಲ್ಲಿದೆ. ಮಳೆಗಾಲದಲ್ಲಿ ಉದ್ದನೆಯ ಎಲೆಗಳನ್ನು ಹರಡಿ ಬಿಸಿಲು ಕುಡಿದು, ಮಳೆ ನಿಂತ ಮೇಲೆ ಎಲೆಯನ್ನು ಒಣಗಿಸಿಕೊಂಡು ಕಣ್ಮರೆಯಾಗುತ್ತದೆ. ಮಾರ್ಚ್ ಮತ್ತು ಮೇ ನಡುವೆ, ಎಲೆಯ ಸುಳಿವೇ ಇಲ್ಲದ ನೆಲದಿಂದ ಮೊಣಕಾಲೆತ್ತರದ, ಕೆಲವೊಮ್ಮೆ ಇನ್ನೂ ಎತ್ತರದ ಬರೀ ಒಂದು ದಂಟು ಎದ್ದು ನಿಲ್ಲುತ್ತದೆ. ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಮಾಸಲು ಕಂದುಬಿಳಿ ಹೂಗಳು ತೆರೆಯುತ್ತವೆ. ಒಂದು ಹೂವಿನ ಆಯಸ್ಸು ಪೂರ್ತಿ ಒಂದು ದಿನವೂ ಇಲ್ಲ. ಬಣ್ಣವಿಲ್ಲ, ಅಬ್ಬರವಿಲ್ಲ, ಪಕ್ಕದಲ್ಲೇ ನಡೆದುಹೋದರೂ ಗಮನಕ್ಕೆ ಬರದೆ ಹೋಗಬಹುದು.

ಕಾಡಿನ ನೆರಳಿನಲ್ಲಿ, ಮನೆಯ ಹಿತ್ತಲಲ್ಲಿ ನೆಲಸಂಪಿಗೆಯನ್ನು ಬಲ್ಲವರು ಈ ಕ್ರಮವನ್ನು ಗುರುತಿಸುತ್ತಾರೆ. ಅದೂ ಮೊದಲು ನೆಲದಿಂದ ನೇರ ಹೂವನ್ನೇ ತೆಗೆದು, ಮಳೆ ಹಿಡಿದ ಮೇಲೆ ಎಲೆ ಬಿಡುತ್ತದೆ. ಹಿಮಾಲಯ, ಆಲ್ಪ್ಸ್ ಬೆಟ್ಟಗಳಲ್ಲಿ ಹಿಮ ಕರಗುವ ಅಂಚಿನಲ್ಲೇ ಕ್ರೋಕಸ್, ಪ್ರಿಮುಲಾ ಅರಳುವುದು ಸಾಧ್ಯವಾಗುವುದೂ ಹೀಗೆಯೇ: ಮೊಗ್ಗು ಹೋದ ವರ್ಷವೇ ತಯಾರಾಗಿದೆ, ಈ ವರ್ಷ ಬಿಚ್ಚಿಕೊಳ್ಳುವುದಷ್ಟೇ ಕೆಲಸ. ಕೆಲವು ಇನ್ನೂ ಮುಂದಾಲೋಚನೆಯವು. ಆಲ್ಪೈನ್ ಮತ್ತು ಆರ್ಕ್ಟಿಕ್ ಪ್ರದೇಶಗಳ ಬಿಸ್ಟೋರ್ಟಾ ವಿವಿಪಾರ ಎಂಬ ಪುಟ್ಟ ಗಿಡದಲ್ಲಿ ಒಂದು ಹೂಗೊಂಚಲು ಮೊಳೆತ ದಿನದಿಂದ ಪೂರ್ಣ ಬೆಳೆಯುವವರೆಗೆ 4 ವರ್ಷ ಬೇಕು ಎಂದು ಸಸ್ಯವಿಜ್ಞಾನಿ ಪಮೇಲಾ ಡಿಗಲ್ 1997ರಲ್ಲಿ ತೋರಿಸಿದರು. ಅಂದರೆ ಇವತ್ತು ಅರಳಿದ ಹೂವಿನ ಹಿಂದೆ ನಾಲ್ಕು ಬೇಸಿಗೆಗಳ ದುಡಿಮೆ ಇದೆ. ಇಂಥ ಗಿಡದ ಒಂದು ಒಳ್ಳೆಯ ವರ್ಷ ಎಂದರೆ ಆ ವರ್ಷದ ಹವೆಯ ಗುಣ ಮಾತ್ರವಲ್ಲ. ಹಿಂದಿನ ವರ್ಷಗಳದ್ದೂ ಕೂಡ. ಬಂಡೆಯ ಗೆಡ್ಡೆಗಿಡಗಳಿಗೂ ಈ ಮಾತು ಸಲ್ಲುತ್ತದೆ. ಮಳೆಗಾಲ ಕೈಕೊಟ್ಟ ವರ್ಷದ ನಷ್ಟ ಹೂವಿನಲ್ಲಿ ಕಾಣುವುದು ಮುಂದಿನ ಬೇಸಿಗೆಯಲ್ಲಿ.

ಕೂಡಿಡುವುದು ಒಂದು ದಾರಿಯಾದರೆ, ಖರ್ಚನ್ನೇ ಕಡಿಮೆ ಮಾಡುವುದು ಇನ್ನೊಂದು. ಇದರ ಕಥೆಗೆ ಮೈಸೂರಿನ ನಂಟಿದೆ. ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ರಾಜ್ಯದ ಸರ್ವೆ ಶುರುಮಾಡಿದಾಗ ಅದರ ಸಸ್ಯವಿಜ್ಞಾನಿಯಾಗಿ ನೇಮಕವಾದವನು ಬೆಂಜಮಿನ್ ಹೈನೆ. ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯೂ ಕೆಲಕಾಲ ಅವನದಾಗಿತ್ತು. ಭಾರತದಲ್ಲಿದ್ದಾಗ ಅವನು ಕಾಡುಬಸಳೆಯ ದಪ್ಪ ಎಲೆಯನ್ನು ಹಗಲಿನ ಬೇರೆಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ. 1813ರಲ್ಲಿ ಇದನ್ನು ಪತ್ರವೊಂದರಲ್ಲಿ ಬರೆದ. ಲಂಡನ್ನಿನ ಲಿನಿಯನ್ ಸೊಸೈಟಿ ಅದನ್ನು 1815ರಲ್ಲಿ ಪ್ರಕಟಿಸಿತು. ಆ ಹುಳಿಯ ಕಾರಣ ಪೂರ್ತಿ ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಸಾಮಾನ್ಯ ಗಿಡ ಹಗಲಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ, ಆಗ ಒಳಗಿನ ನೀರು ಆವಿಯಾಗಿ ನಷ್ಟವಾಗುತ್ತದೆ. ಕಾಡುಬಸಳೆ ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಹಿಡಿದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಎಲೆಯೊಳಗೆ ಇಟ್ಟುಕೊಂಡು, ಹಗಲಲ್ಲಿ ಬಾಗಿಲು ಮುಚ್ಚಿ ಅದನ್ನೇ ಸಕ್ಕರೆಯಾಗಿಸುತ್ತದೆ. ಬೆಳಗಿನ ಹುಳಿ ರಾತ್ರಿಯ ಸಂಪಾದನೆ. ಕಾಡುಬಸಳೆ ಮೂಲತಃ ಮಡಗಾಸ್ಕರಿನದು, ಈಗ ನಮ್ಮ ಕಲ್ಲುಬೇಲಿಗಳಲ್ಲಿ ತವರಿನಂತೆ ಬೆಳೆದು ಚಳಿಗಾಲದ ಕೊನೆಗೆ ಗಂಟೆಯಂಥ ಹೂ ತೂಗುತ್ತದೆ. ಅದರದೇ ಕುಟುಂಬದ ಸೆಂಪರ್ವೈವಮ್ ಯುರೋಪಿನ ಕಲ್ಲುತೋಟಗಳ ಅಚ್ಚುಮೆಚ್ಚು. ಆಲ್ಪ್ಸ್‌ನ ಬಿಸಿಲುಬಂಡೆಯ ಮೇಲೆ ಅದೂ ಇದೇ ಉಪಾಯದಿಂದ ಬದುಕುತ್ತದೆ.

ಮೂರನೆಯ ದಾರಿ ಎಲ್ಲಕ್ಕಿಂತ ವಿಚಿತ್ರ: ಪೂರ್ತಿ ಒಣಗಿಹೋಗುವುದು. ಉಳಿದ ಗಿಡಗಳ ಎಲೆ ಅಷ್ಟು ಒಣಗಿದರೆ ಸಾಯುತ್ತದೆ. ಬಂಡೆಯ ಮೇಲಿನ ಟ್ರೈಪೊಗಾನ್ ಎಂಬ ಸಣ್ಣ ಹುಲ್ಲು ತರಗೆಲೆಯಷ್ಟು ಒಣಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಏಪ್ರಿಲ್‌ನಲ್ಲಿ ರೇವತಿಯೋ ಅಶ್ವಿನಿಯೋ ಒಂದು ಹದ ಮಳೆ ಸುರಿದರೆ ಒಂದೆರಡು ದಿನದಲ್ಲಿ ಅದೇ ಎಲೆ ಹಸಿರು. ಹೊಸ ಚಿಗುರಲ್ಲ, ಹಳೆಯ ಎಲೆಯೇ ಮತ್ತೆ ಜೀವ ತಳೆದದ್ದು. ಒಣಗುವಾಗ ಜೀವಕೋಶದೊಳಗೆ ಸಕ್ಕರೆ ಗಾಜಿನಂತೆ ಗಟ್ಟಿಯಾಗಿ ಸೂಕ್ಷ್ಮ ಭಾಗಗಳನ್ನು ಹಿಡಿದು ನಿಲ್ಲಿಸುತ್ತದೆ. ರಕ್ಷಕ ಪ್ರೋಟೀನುಗಳು ಜೊತೆಗೂಡುತ್ತವೆ. ಹೂ ಬಿಡುವ ಗಿಡಗಳಲ್ಲಿ ಈ ಶಕ್ತಿ ಎಷ್ಟು ಹರಡಿದೆ ಎಂದು 1971ರಲ್ಲಿ ದಕ್ಷಿಣ ಆಫ್ರಿಕದ ಗಿಡಗಳ ಮೂಲಕ ಜಗತ್ತಿಗೆ ತೋರಿಸಿದವರು ಡೊನಾಲ್ಡ್ ಗ್ಯಾಫ್.

ಹೂ ಬಿಡದ ಗಿಡಗಳಲ್ಲಿ ಈ ಗುಣಕ್ಕೆ ಹೆಸರಾದದ್ದು ಸೆಲಾಜಿನೆಲ್ಲ ಬ್ರಯಾಪ್ಟೆರಿಸ್. ಒಣ ಕಲ್ಲುಗುಡ್ಡಗಳಲ್ಲಿ ಮುದುಡಿ ಕಂದು ಉಂಡೆಯಾಗಿ ಬಿದ್ದಿರುವ ಇದನ್ನು ನೀರಲ್ಲಿಟ್ಟರೆ ಗಂಟೆಗಳಲ್ಲಿ ಬಿಚ್ಚಿಕೊಂಡು ಹಸಿರಾಗುತ್ತದೆ. ರಾಮಾಯಣದ ಸಂಜೀವಿನಿ ಯಾವ ಗಿಡವಿರಬಹುದು ಎಂದು ಹುಡುಕಿದ ಕೆ.ಎನ್. ಗಣೇಶಯ್ಯ, ಆರ್. ವಾಸುದೇವ ಮತ್ತು ಆರ್. ಉಮಾಶಂಕರ್ 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಬಲವಾದ ಅಭ್ಯರ್ಥಿಗಳ ಸಾಲಿನಲ್ಲಿ ಇದನ್ನೂ ಇಟ್ಟಿದ್ದರು. ಗಣೇಶಯ್ಯನವರು ಕನ್ನಡಿಗರಿಗೆ ಕಾದಂಬರಿಕಾರರಾಗಿ ಹೆಚ್ಚು ಪರಿಚಿತರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು. ಯುರೋಪಿನ ಕಲ್ಲುತೋಟಗಳಲ್ಲಿ ನೇರಳೆ ಹೂವಿಗಾಗಿ ಬೆಳೆಸುವ ರಾಮೊಂಡಾ ಗಿಡಕ್ಕೂ ಇದೇ ಶಕ್ತಿಯಿದೆ. ಪಿರೆನೀಸ್ ಮತ್ತು ಬಾಲ್ಕನ್ ಬೆಟ್ಟಗಳ ನೆರಳುಬಂಡೆಗಳ ನಿವಾಸಿ ಅದು. ಅದರ ಕುಟುಂಬದ ಹೆಚ್ಚಿನ ಗಿಡಗಳೆಲ್ಲ ಉಷ್ಣವಲಯದವು, ನಮ್ಮ ಪಶ್ಚಿಮ ಘಟ್ಟದ ಒದ್ದೆ ಬಂಡೆಗಳ ಮೇಲೂ ಅದರ ನೆಂಟರಿದ್ದಾರೆ. ಯುರೋಪು ಬೆಚ್ಚಗಿದ್ದ ಹಳೆಯ ಕಾಲದ ವಂಶ ಹಿಮಯುಗಗಳನ್ನು ದಾಟಿ ಅಲ್ಲಿ ಕಲ್ಲಿನ ಸಂದಿಯಲ್ಲಿ ಉಳಿದುಕೊಂಡಿದೆ.

ಈ ಎಲ್ಲ ಗಿಡಗಳಿಗೂ ಮೊದಲು ಬಂಡೆಯನ್ನು ಹಿಡಿದವರು ಕಣ್ಣಿಗೆ ಗಿಡವೆಂದೇ ಕಾಣುವುದಿಲ್ಲ. ನಮ್ಮ ಬೆಟ್ಟಗಳ ಬಂಡೆಯ ಮೇಲೆ ಮಳೆನೀರು ಇಳಿಯುವ ಜಾಡಿನಲ್ಲಿ ಕಾಣುವ ಕಪ್ಪು ಪಟ್ಟೆಗಳು ಕಲ್ಲಿನ ಬಣ್ಣವಲ್ಲ. ಸಯನೋಬ್ಯಾಕ್ಟೀರಿಯಾಗಳ ಜೀವಂತ ಪದರ. ಅವುಗಳಲ್ಲಿ ಹಲವು ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುತ್ತವೆ. ಮಳೆ ಬಂದಾಗ ಆ ಸಾರ ತೊಳೆದು ಕೆಳಗಿನ ಬಿರುಕಿಗೆ, ದೊಣೆಗೆ ಇಳಿಯುತ್ತದೆ. ಕಲ್ಲುಹೂವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತ ಕಲ್ಲಿನ ಮೈಯನ್ನು ಸಡಿಲಗೊಳಿಸುತ್ತದೆ. ಬಿಸಿಬೇಳೆಬಾತಿನ ಪುಡಿಗೆ ಒಂದು ಚಿಟಿಕೆ ಹಾಕುವಾಗ ಅದರ ವಯಸ್ಸು ನಮ್ಮ ಮನಸ್ಸಿಗೆ ಬರುವುದಿಲ್ಲ. ಹೀಗೆ ಸಿದ್ಧವಾದ ಬೆರಳುದ್ದದ ಮಣ್ಣಿನಲ್ಲಿ ಮುಂದೆ ಮುಂಗಾರಿನ ಹೊತ್ತಿಗೆ ಸಣ್ಣ ನೀಲಿ ಹೂಗಳು, ಹುಳ ಹಿಡಿಯುವ ಡ್ರಾಸೆರಾ, ಯುಟ್ರಿಕುಲೇರಿಯಾಗಳು ಏಳುತ್ತವೆ. ಸಾರಜನಕ ಎಷ್ಟು ದುಬಾರಿ ಎಂದರೆ ಕೆಲವು ಗಿಡಗಳು ಅದಕ್ಕಾಗಿ ಬೇಟೆಗೇ ಇಳಿದಿವೆ.

ಪಹಣಿಯಲ್ಲಿ ಇಂಥ ಜಾಗ ಖರಾಬು ಎಂದು ದಾಖಲಾಗುತ್ತದೆ. ಬೆಳೆ ಬಾರದ ನೆಲ ಎಂಬಷ್ಟಕ್ಕೆ ಅದು ಸರಿ. ಆದರೆ ಅದನ್ನೇ ಆಧಾರ ಮಾಡಿಕೊಂಡು ಬಂಡೆಯ ಮೇಲೆ ಏನೂ ಇಲ್ಲ ಎಂದು ತೀರ್ಮಾನಿಸುವುದು ತಪ್ಪು. ಜಲ್ಲಿಗಾಗಿ ಗುಡ್ಡವನ್ನು ಸಿಡಿಸಿದರೆ ಏನು ಹೋಗುತ್ತದೆ ಎಂಬುದು ಸ್ಪಷ್ಟ; ಅದಕ್ಕೆ ವಾದ ಬೇಡ. ಅಷ್ಟು ಸುಲಭಕ್ಕೆ ಕಾಣದ ಹಾನಿಯೂ ಇದೆ. ಹಸಿರು ಮಾಡುವ ಒಳ್ಳೆಯ ಉದ್ದೇಶದಿಂದಲೇ ಕಲ್ಲುಗುಡ್ಡದ ತೆಳು ಮಣ್ಣಿನಲ್ಲಿ ಗುಂಡಿ ತೋಡಿ ಸಸಿ ನೆಡುತ್ತಾರೆ. ಆ ಗುಂಡಿಯಲ್ಲಿ ಹೊರಬೀಳುವ ‘ಕಳೆ ಗೆಡ್ಡೆ’ ಕಾಡು ಈರುಳ್ಳಿಯದಾಗಿರಬಹುದು. ಸಸಿ ಮುಂದಿನ ಬೇಸಿಗೆಗೆ ಒಣಗುತ್ತದೆ, ಗೆಡ್ಡೆಯೂ ಉಳಿಯುವುದಿಲ್ಲ. ಬೇಸಿಗೆಯ ಬೆಂಕಿಯೂ ಹಾಗೆಯೇ. ನೆಲದೊಳಗಿನ ಗೆಡ್ಡೆ ಬೆಂಕಿಯಿಂದ ಪಾರಾಗಬಹುದು, ಆಗತಾನೇ ಎದ್ದ ಹೂದಂಟು ಪಾರಾಗದು. ಒಂದು ವರ್ಷದ ಬೀಜವೆಲ್ಲ ಹೋಯಿತು.

ಮನೆಯಂಗಳದಲ್ಲಿ ಕಲ್ಲುತೋಟ ಮಾಡುವ ಆಸೆ ಮೈಸೂರು, ಹುಣಸೂರಿನ ಕಡೆ ಈಚೆಗೆ ಹೆಚ್ಚುತ್ತಿದೆ. ಊಟಿಯಿಂದ ತಂದ ಪ್ರಿಮುಲಾವನ್ನು ಏಪ್ರಿಲ್ ಬಿಸಿಲಲ್ಲಿ ಉಳಿಸಲು ಹೆಣಗುವುದಕ್ಕಿಂತ ಈ ನೆಲದ ಬಂಡೆಯನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ಮೇಲು. ಇಳಿಜಾರಾಗಿ ಜೋಡಿಸಿದ ಊರಿನದೇ ಕಲ್ಲು, ಸಂದಿಗೆ ದಪ್ಪ ಮರಳು, ಚಕ್ಕೆಕಲ್ಲು, ಸ್ವಲ್ಪವೇ ಮಣ್ಣು. ಅರಿಶಿನ ಬೂರುಗವನ್ನು ಬೀಜದಿಂದ ಎಬ್ಬಿಸಬಹುದು. ಬೀಜದ ಸಿಪ್ಪೆ ಗಟ್ಟಿ, ಉಪ್ಪುಕಾಗದಕ್ಕೆ ತುಸು ಉಜ್ಜಿ ಹಾಕಬೇಕು. ಗೆಡ್ಡೆಗಿಡಗಳಿಗೆ ಎಲೆ ಒಣಗಿದ ಮೇಲೆ ನೀರು ಹಾಕಲೇಬಾರದು. ನಮ್ಮಲ್ಲಿ ಹೆಚ್ಚು ಗಿಡ ಸಾಯುವುದು ಈ ಒಂದು ಕರುಣೆಯಿಂದಲೇ. ಬೆಟ್ಟದಿಂದ ಗಿಡ ಕಿತ್ತು ತರುವುದಂತೂ ಬೇಡ. ಕಟುಕರೋಹಿಣಿಗೆ ಹಿಮಾಲಯದಲ್ಲಿ ಆದದ್ದು ಇಲ್ಲಿನ ಗೆಡ್ಡೆಗಳಿಗೆ ಆಗಬಾರದು.

ಅಮೆರಿಕದ ಕೊಲೊರಾಡೊ ಪರ್ವತಗಳ ಗಾಥಿಕ್ ಎಂಬಲ್ಲಿ ಡೇವಿಡ್ ಇನೌಯೆ 1970ರ ದಶಕದಲ್ಲಿ ಕೆಲವು ಹುಲ್ಲುಗಾವಲು ಚೌಕಗಳನ್ನು ಗುರುತು ಮಾಡಿ, ಬೇಸಿಗೆಯುದ್ದಕ್ಕೂ ಅವುಗಳಲ್ಲಿ ಅರಳಿದ ಪ್ರತಿ ಹೂವನ್ನು ಎಣಿಸತೊಡಗಿದರು. 39 ವರ್ಷಗಳ ಆ ಲೆಕ್ಕ 2014ರಲ್ಲಿ ಪ್ರಕಟವಾದಾಗ, ಹೂ ಬಿಡುವ ಕಾಲ ಒಟ್ಟಾರೆ 35 ದಿನ ಉದ್ದವಾಗಿದೆ ಎಂದು ತಿಳಿಯಿತು. ಹಿಮ ಬೇಗ ಕರಗಿದ ವರ್ಷಗಳಲ್ಲಿ ಗಿಡಗಳು ಬೇಗ ಎದ್ದು, ಆಮೇಲೆ ಬಿದ್ದ ಇಬ್ಬನಿಯ ಹೆಪ್ಪಿಗೆ ಮೊಗ್ಗು ಸುಟ್ಟುಕೊಂಡದ್ದೂ ಅದೇ ಎಣಿಕೆಯಿಂದ ಗೊತ್ತಾಯಿತು. ನಮ್ಮಲ್ಲಿ ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲೆಯ ಮಕ್ಕಳೂ ಆಸಕ್ತರೂ ಕಕ್ಕೆ, ಮುತ್ತುಗ, ಬೂರುಗದಂಥ ಮರಗಳನ್ನು ವಾರವಾರ ಗಮನಿಸಿ ದಾಖಲಿಸುತ್ತಾರೆ. ಬಂಡೆಯ ಗಿಡಗಳಿಗೂ ಇಂಥದೊಂದು ಪುಸ್ತಕ ತೆರೆಯಬೇಕು. ಖರ್ಚೇನೂ ಇಲ್ಲ. ಊರ ಪಕ್ಕದ ಒಂದು ಬಂಡೆ, ಅದರ ಮೇಲೆ ಸುಣ್ಣದಲ್ಲಿ ಗುರುತು ಮಾಡಿದ ನಾಲ್ಕಾರು ಬಿರುಕು, ಒಂದು ನೋಟುಪುಸ್ತಕ. ಫೆಬ್ರವರಿಯಿಂದ ಮೇ ತಿಂಗಳವರೆಗೆ ವಾರಕ್ಕೊಮ್ಮೆ ಹೋಗಿ ಅರಿಶಿನ ಬೂರುಗದ ಮೊದಲ ಹೂ ಯಾವ ದಿನ, ಕಾಡು ಈರುಳ್ಳಿಯ ದಂಟು ಎದ್ದದ್ದು ಯಾವ ಮಳೆ ನಕ್ಷತ್ರದಲ್ಲಿ, ಹಿಂದಿನ ಮಳೆ ಬಿದ್ದು ಎಷ್ಟು ದಿನವಾಗಿತ್ತು ಎಂದು ಬರೆದಿಟ್ಟರೆ ಸಾಕು. ಐದಾರು ವರ್ಷ ಬಿಡದೆ ಬರೆದರೆ, ಬೇಸಿಗೆ ಮಳೆ ತಡವಾದ ವರ್ಷ ಆ ಗೆಡ್ಡೆ ಮಳೆಗಾಗಿ ಕಾಯಿತೇ, ಇಲ್ಲವೇ ಕಾಯದೆ ಒಣನೆಲದಿಂದಲೇ ದಂಟು ತೆಗೆಯಿತೇ ಎಂಬುದು ಬೆಟ್ಟದಪುರದ ಬುಡದ ಮಕ್ಕಳ ಕೈಬರಹದಲ್ಲೇ ಸಿಗುತ್ತದೆ.